ನೋಟಿಸ್ ಬೋರ್ಡಿನ ಮೇಲೆ ಏಳು ದಿನ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಾಗಪುರದ ಹತ್ತಿರದ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನನ್ನ ಮಗಳ ಮಗ ಅದೇ ವಾರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪಿಡಿಎಫ್ಫನ್ನು ಫೋನಿಗೆ ಕಳಿಸಿದ. “ಅಜ್ಜಾ, ನೀ ಜನ್ಮಾಪೂರ್ತಿ ಇದನ್ನ ಮಾಡೀದಿ. ಇದರಾಗ ನನ್ನ ಪಾಲಿಗೆ ಏನೈತಿ ನೋಡಿ ಹೇಳು” ಅಂದ. ಅವನದು ನಿಗದಿತ ಅವಧಿಯ ನೌಕರಿ. ಕನ್ನಡಕ ಹಾಕಿಕೊಂಡು ಕೂತೆ.

ನನ್ನ ಕಣ್ಣು ಮೊದಲು ಹುಡುಕಿದ್ದು ಛಾಟಣಿ, ಅಂದರೆ ಕೆಲಸಗಾರರನ್ನು ಕಡಿಮೆ ಮಾಡುವ ವಿಷಯ ಎಲ್ಲಿದೆ ಅಂತ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ 25-ಜಿ ಎಂಬ ಕಲಮಿನ ತಿರುಳು ಹೊಸ ಸಂಹಿತೆಯಲ್ಲೂ ಉಳಿದಿದೆ: ಒಂದು ವರ್ಗದಲ್ಲಿ ಕೊನೆಗೆ ಬಂದವನು ಮೊದಲು ಹೋಗಬೇಕು. ಅದರ ಬೆನ್ನಿಗಿದ್ದ 25-ಎಚ್ ಮಾತ್ರ ಬದಲಾಗಿದೆ. ಛಾಟಣಿ ಮಾಡಿದ ಮಾಲೀಕ ಮತ್ತೆ ಜನರನ್ನು ತೆಗೆದುಕೊಳ್ಳುವಾಗ ತೆಗೆದುಹಾಕಿದ ಹಳಬರನ್ನೇ ಮೊದಲು ಕರೆಯಬೇಕು ಎಂದಿತ್ತು ಅದು, ಎಷ್ಟು ವರ್ಷದೊಳಗೆ ಎಂಬ ಗಡುವು ಇರಲಿಲ್ಲ. ಈಗ ಒಂದು ವರ್ಷದೊಳಗಿನ ನೇಮಕಾತಿಗೆ ಮಾತ್ರ ಆ ಹಕ್ಕು. ನನ್ನ ಓದು ಅಲ್ಲಿಗೇ ನಿಂತಿತು. ಏಕೆಂದರೆ ನಾನೇ ಟೈಪು ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ಅಂಥದೊಂದು ಕರೆಪತ್ರ ಹೋದದ್ದು ಛಾಟಣಿಯಾಗಿ ಎರಡು ವರ್ಷ ಕಳೆದ ಮೇಲೆ.

ಮೊಮ್ಮಗನಿಗೆ ಹೇಳಿದೆ, ಗ್ರ್ಯಾಚುಯಿಟಿ ನಿನಗೆ ಇನ್ನು ಒಂದು ವರ್ಷಕ್ಕೇ ಸಿಗುತ್ತದೆ, ಮೊದಲಿನಂತೆ ಐದು ವರ್ಷ ಕಾಯಬೇಕಿಲ್ಲ, ಅದು ಲಾಭ. ಆದರೆ ಕರಾರಿನ ತಾರೀಖು ಮುಗಿದು ಮನೆಗೆ ಹೋದರೆ ಅದು ಛಾಟಣಿ ಅಂತಲೇ ಅನ್ನಿಸಿಕೊಳ್ಳುವುದಿಲ್ಲ, ಹಾಗಾಗಿ ಸೀನಿಯಾರಿಟಿ ಲಿಸ್ಟಿನಲ್ಲಿ ನಿನಗಿಂತ ಹಿಂದೆ ಯಾರು, ಮುಂದೆ ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. “ಸೀನಿಯಾರಿಟಿ ಲಿಸ್ಟ್ ಅಂದ್ರೇನಜ್ಜಾ?” ಅಂತ ಕೇಳಿದ. ಹುಡುಗ ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು.

ನಮ್ಮಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ನಾನು ಅಲ್ಲಿಗೆ ಹೋಗಲಿಲ್ಲ. ಬಿ.ಕಾಂ. ಮುಗಿಸಿ, ಮಿರಜದಲ್ಲಿ ಗಾಡಿ ಬದಲಿಸಿ, ಎಪ್ಪತ್ತರ ದಶಕದ ಕೊನೆಗೆ ನಾಗಪುರಕ್ಕೆ ಬಂದೆ. ಹಿಂಗಣಾ ಎಂಐಡಿಸಿಯಲ್ಲಿ ಗೇರು, ಶಾಫ್ಟು ಮಾಡುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕ್ಲಾರ್ಕ್ ಆದೆ. ಗಡಿಯವನಾದ್ದರಿಂದ ಮರಾಠಿ ಬರುತ್ತಿತ್ತು, ಅಕ್ಷರ ದುಂಡಗಿತ್ತು, ನೌಕರಿ ಸಿಕ್ಕಿದ್ದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಇಂದು ಹಿಂಗಣಾ ರಸ್ತೆಯ ಮೇಲೆ ಲೋಕಮಾನ್ಯ ನಗರದವರೆಗೆ ಮೆಟ್ರೋ ಓಡುತ್ತದೆ. ಆಗ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳೇ.

ನಾಗಪುರ ಕೆಲಸಗಾರರ ಊರು ಎಂಬುದು ಹೊರಗಿನವರಿಗೆ ಬೇಗ ನೆನಪಾಗುವುದಿಲ್ಲ, ಕಿತ್ತಳೆ ಹಣ್ಣು ನೆನಪಾಗುತ್ತದೆ. ಜಮಶೇಟ್‌ಜಿ ಟಾಟಾ ತಮ್ಮ ಎಂಪ್ರೆಸ್ ಮಿಲ್ಲನ್ನು ಇಲ್ಲಿ ಶುರು ಮಾಡಿದ್ದು 1877ರ ಜನವರಿ 1ರಂದು. ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ಎಐಟಿಯುಸಿ ಅಧಿವೇಶನ ನಡೆದು ಒಡೆದದ್ದೂ ಇಲ್ಲೇ, 1929ರಲ್ಲಿ. ಎ.ಬಿ. ಬರ್ಧನ್ ಇದೇ ಊರಿನ ಕಾರ್ಮಿಕ ಸಂಘಗಳಲ್ಲಿ ಬೆಳೆದವರು, 1957ರಲ್ಲಿ ಇಲ್ಲಿಂದಲೇ ಶಾಸಕರಾದವರು. ನಮ್ಮ ಯೂನಿಯನ್ನಿನ ಸೆಕ್ರೆಟರಿ ಆ ಪೀಳಿಗೆಯ ಭಾಷಣಗಳನ್ನು ಕೇಳಿ ತಯಾರಾಗಿದ್ದ ಒಬ್ಬ ಫಿಟ್ಟರ್. ಅವನ ಖಾಕಿ ಚೀಲದಲ್ಲಿ ಡಬ್ಬಿಯ ಜೊತೆಗೆ ಯಾವಾಗಲೂ ಮಹಾರಾಷ್ಟ್ರದ 1971ರ ಕಾರ್ಮಿಕ ಸಂಘಗಳ ಕಾಯ್ದೆಯ ಪುಸ್ತಕ ಇರುತ್ತಿತ್ತು. ಯೂನಿಯನ್ ಚಟುವಟಿಕೆ ಮಾಡಿದ್ದಕ್ಕೆ ಒಬ್ಬನ ಸೀನಿಯಾರಿಟಿ ಬದಲಿಸುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಅದರ ಅನುಸೂಚಿಯಲ್ಲಿ ಬರೆದಿದೆ. ಆ ಸಾಲಿನ ಕೆಳಗೆ ಅವನು ಕೆಂಪು ಪೆನ್ಸಿಲ್ಲಿನಲ್ಲಿ ಗೀಟು ಎಳೆದಿದ್ದ. ನಮ್ಮ ಆಫೀಸಿಗೆ ಬಂದಾಗಲೆಲ್ಲ ಆ ಪುಟ ನಮಗೆ ಕಾಣುವಂತೆ ಮೇಜಿನ ಮೇಲೆ ತೆರೆದಿಡುತ್ತಿದ್ದ.

ವರ್ಷಕ್ಕೊಮ್ಮೆ, ಜನವರಿಯಲ್ಲಿ, ಲಿಸ್ಟ್ ತಯಾರಾಗುತ್ತಿತ್ತು. ಸ್ಟೆನ್ಸಿಲ್ ಕತ್ತರಿಸಿ, ಸೈಕ್ಲೋಸ್ಟೈಲ್ ಮಾಡಿ, ಒಂದು ಪ್ರತಿ ಯೂನಿಯನ್ನಿಗೆ, ಒಂದು ಪ್ರತಿ ಗೇಟಿನ ಪಕ್ಕದ ನೋಟಿಸ್ ಬೋರ್ಡಿಗೆ. ಎಂಟು ಕಾಲಂ: ಅನುಕ್ರಮ ಸಂಖ್ಯೆ, ಟಿಕೆಟ್ ನಂಬರು, ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಈಗಿನ ಟ್ರೇಡಿಗೆ ಬಂದ ದಿನ, ಗ್ರೇಡು. ಟರ್ನರ್‌ಗಳದ್ದೊಂದು ಲಿಸ್ಟು, ಫಿಟ್ಟರ್‌ಗಳದ್ದೊಂದು, ಮಿಲ್ಲರ್, ಗ್ರೈಂಡರ್, ಎಲೆಕ್ಟ್ರಿಷಿಯನ್, ವೆಲ್ಡರ್ ಹೀಗೆ ಒಂದೊಂದು, ಕೊನೆಗೆ ಹೆಲ್ಪರ್‌ಗಳದ್ದು ಉದ್ದನೆಯದು. ಆಕ್ಷೇಪವಿದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬೇಕು.

ಊಟದ ಸೈರನ್ ಆದೊಡನೆ ಬೋರ್ಡಿನ ಮುಂದೆ ಗುಂಪು. ಓದಲು ಬಾರದವರು ತಮ್ಮ ಟಿಕೆಟ್ ನಂಬರನ್ನು ಬೆರಳಿಟ್ಟು ಹುಡುಕುತ್ತಿದ್ದರು, ಮೇಲೆ ಎಷ್ಟು ಜನ, ಕೆಳಗೆ ಎಷ್ಟು ಜನ ಎಂದು ಎಣಿಸುತ್ತಿದ್ದರು. ಕೆಳಗಿನವರು ಹೆಚ್ಚಾಗಿದ್ದರೆ ಆ ವರ್ಷ ನಿಶ್ಚಿಂತೆ, ಮನೆಗೆ ಸಾಲ ತೆಗೆಯಬಹುದು, ಮಗಳ ಮದುವೆ ಮಾತಾಡಬಹುದು. ಪಗಾರ ಎಷ್ಟು ಎಂದು ತಪ್ಪು ಹೇಳುವ ಗಂಡಸರನ್ನು ನೋಡಿದ್ದೇನೆ. ಲಿಸ್ಟಿನಲ್ಲಿ ತನ್ನದು ಎಷ್ಟನೇ ನಂಬರು ಎಂದು ತಪ್ಪು ಹೇಳಿದವನನ್ನು ನೋಡಿಲ್ಲ.

ಬರುವ ಆಕ್ಷೇಪಗಳಲ್ಲಿ ಅರ್ಧದಷ್ಟು ಹುಟ್ಟಿದ ದಿನದ್ದೇ. ನಮ್ಮ ಕಡೆ ಹಳ್ಳಿಯ ಮಾಸ್ತರು ಮಕ್ಕಳನ್ನು ಸಾಲಿಗೆ ಹಚ್ಚುವಾಗ ಜೂನ್ 1 ಅಂತ ಬರೆದುಬಿಡುತ್ತಿದ್ದರಲ್ಲ, ವಿದರ್ಭದಲ್ಲೂ ಅದೇ ರೂಢಿ. ಟರ್ನರ್‌ಗಳ ಲಿಸ್ಟಿನಲ್ಲಿ ಜೂನ್ ಒಂದರಂದು ಹುಟ್ಟಿದವರು ಎಷ್ಟು ಜನರಿದ್ದರೆಂದರೆ, ಕಂಪನಿಗೆ ಬಂದ ಹೊಸ ಆಡಿಟರ್ ಒಬ್ಬರು ಅದನ್ನು ನನ್ನ ಟೈಪಿಂಗ್ ಸೋಮಾರಿತನ ಅಂದುಕೊಂಡಿದ್ದರು. ಕಾಗದದ ಮೇಲೆ ವಯಸ್ಸು ಕಡಿಮೆ ಇದ್ದರೆ ನಿವೃತ್ತಿ ಅಷ್ಟು ದೂರ ಹೋಗುತ್ತದೆ, ಹಾಗಾಗಿ ಮಾಸ್ತರು ಎರಡು ವರ್ಷ ಕಮ್ಮಿ ಬರೆದದ್ದಕ್ಕೆ ಎಲ್ಲರೂ ಖುಷಿಯಿಂದಲೇ ಇದ್ದರು. ಆದರೆ ಇಬ್ಬರು ಒಂದೇ ದಿನ ಕೆಲಸಕ್ಕೆ ಸೇರಿದ್ದರೆ ಸೀನಿಯರ್ ಯಾರು? ನಮ್ಮ ಸೆಟ್ಲ್‌ಮೆಂಟಿನ ಪ್ರಕಾರ ಇಬ್ಬರಲ್ಲಿ ದೊಡ್ಡವನು. ಇಡೀ ಬಾಳಿಗೆ ಲಾಭವಾಗಿದ್ದ ಎರಡು ವರ್ಷ ಅಲ್ಲೊಂದು ಕಡೆ ಮಾತ್ರ ತಿರುಗಿ ನಿಲ್ಲುತ್ತಿತ್ತು.

ಟೂಲ್ ರೂಮಿನಲ್ಲಿ ಗದಗಿನ ಕಡೆಯ ಒಬ್ಬ ಟರ್ನರ್ ಇದ್ದ. ಕಾರ್ಖಾನೆಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನನಗಿಂತ ದೊಡ್ಡವನು, ಅಣ್ಣಾ ಅನ್ನುತ್ತಿದ್ದೆ. ರವಿವಾರ ಅವನ ಖೋಲಿಯಲ್ಲಿ ರೊಟ್ಟಿ ಆಗುತ್ತಿತ್ತು. ಜೋಳ ಇಲ್ಲಿ ಸಿಗುತ್ತದೆ, ಅದಕ್ಕೆ ಚಿಂತೆಯಿಲ್ಲ, ಗುರೆಳ್ಳು ಚಟ್ನಿ ಮಾತ್ರ ಊರಿಂದ ಬರಬೇಕು. ಕೆಲಸದಲ್ಲಿ ಅವನ ಕೈ ಎಂಥದ್ದು ಅಂತ ಹೇಳಲು ನಾನು ಕಾರಕೂನ, ಯೋಗ್ಯನಲ್ಲ. ಆದರೆ ಇನ್‌ಸ್ಪೆಕ್ಷನ್ನಿನವರು ಅವನ ಜಾಬ್ ಬಂದರೆ ಮೈಕ್ರೋಮೀಟರ್ ಹಚ್ಚದೆ ಸಹಿ ಹಾಕುತ್ತಾರೆ ಎಂಬ ಮಾತಿತ್ತು, ಅದು ಸುಳ್ಳೂ ಅಲ್ಲ. ಹಳೆಯ ಲೇಥಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅನ್ನುತ್ತಿದ್ದ, ಮೇಂಟೆನೆನ್ಸಿನವರು ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು.

ಅವನ ಲೇಥಿಗೆ ಸಾಮಾನು ಎತ್ತಿ ಕೊಡುವ ಹೆಲ್ಪರ್ ಒಬ್ಬನಿದ್ದ, ನಾಗಪುರದ ಇಂದೋರಾ ಕಡೆಯವನು. ಪ್ರತಿ ವರ್ಷ ಧಮ್ಮಚಕ್ರ ಪ್ರವರ್ತನ ದಿನದಂದು ರಜೆ ಹಾಕಿ ದೀಕ್ಷಾಭೂಮಿಯಲ್ಲಿ ಹೊರಗಿನಿಂದ ಬಂದವರಿಗೆ ನೀರು ಕೊಡುವ ಸೇವೆಗೆ ಹೋಗುತ್ತಿದ್ದ. ಐಟಿಐ ಆಗಿರಲಿಲ್ಲ. ಅಣ್ಣನ ಪಕ್ಕ ನಿಂತು ನಿಂತು ಲೇಥ್ ಕಲಿತಿದ್ದ, ರಾತ್ರಿ ಪಾಳಿಯಲ್ಲಿ ಟರ್ನರ್ ಬಾರದಿದ್ದರೆ ಅವನೇ ಓಡಿಸುತ್ತಿದ್ದ, ಸೂಪರ್‌ವೈಸರ್ ನೋಡಿಯೂ ನೋಡದಂತೆ ಹೋಗುತ್ತಿದ್ದ. ಲಿಸ್ಟಿನಲ್ಲಿ ಅವನು ಹೆಲ್ಪರ್. ಹೆಲ್ಪರ್‌ಗಳಲ್ಲಿ ಮೇಲಿನ ಸಾಲಿನವನು. ಐಟಿಐನಿಂದ ಸೀದಾ ಬಂದ ಹುಡುಗ ಮೊದಲ ದಿನವೇ ಟರ್ನರ್‌ಗಳ ಲಿಸ್ಟಿನ ಕೊನೆಗೆ ಕೂರುತ್ತಿದ್ದ, ಇವನು ಆ ಲಿಸ್ಟಿನಲ್ಲಿ ಇರುತ್ತಲೇ ಇರಲಿಲ್ಲ.

ಒಮ್ಮೆ ಅವನ ಮನೆಗೆ ಹೋಗಿದ್ದೆ. ಅವನ ತಂದೆ ನಗರದ ಹಳೆಯ ಗಿರಣಿಯೊಂದರಲ್ಲಿ ಇಡೀ ಆಯುಷ್ಯ ಕಳೆದವರು. ನಾನು ಲಿಸ್ಟ್ ಮಾಡುವವನು ಅಂತ ಗೊತ್ತಾಗಿ ನಕ್ಕರು. ಅವರ ಕಾಲದಲ್ಲಿ ಮುಂಬಯಿಯಲ್ಲಾಗಲಿ ನಾಗಪುರದಲ್ಲಾಗಲಿ ದಲಿತರಿಗೆ ನೂಲುವ ರಿಂಗ್ ಖಾತೆಯಲ್ಲಿ ಕೆಲಸ ಸಿಗುತ್ತಿತ್ತು, ನೇಯ್ಗೆ ಖಾತೆಯಲ್ಲಿ ಇಲ್ಲ. ಲಾಳಿಯಲ್ಲಿ ಕಂಡಿಕೆ ತೀರಿದಾಗ ಹೊಸ ಎಳೆಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಹೊರಗೆಳೆಯಬೇಕು. ಇವರ ಬಾಯಿ ತಾಗಿದ ಲಾಳಿಯನ್ನು ಮಿಕ್ಕವರು ಬಾಯಿಗೆ ಹಚ್ಚುವುದಿಲ್ಲ. ಪಗಾರ ಹೆಚ್ಚು ಇದ್ದದ್ದು ನೇಯ್ಗೆಯಲ್ಲಿ. 1928ರ ಮುಂಬಯಿ ಗಿರಣಿ ಮುಷ್ಕರದ ವೇಳೆ ಅಂಬೇಡ್ಕರ್ ಈ ಮಾತನ್ನು ಎತ್ತಿ, ನೇಯ್ಗೆ ಖಾತೆ ನಮಗೂ ತೆರೆಯಬೇಕು ಎಂದು ಮುಷ್ಕರದ ನಾಯಕರನ್ನೇ ಕೇಳಿದ್ದರು. “ರಿಂಗ್ ಖಾತೆಯಲ್ಲಿ ನನಗಿಂತ ಸೀನಿಯರ್ ಯಾರೂ ಇರಲಿಲ್ಲ,” ಅಂದರು ಮುದುಕರು. “ಹೊರಗೆ ಹೋಗಲಾಗದ ಕೋಣೆಯಲ್ಲಿ ನೀನೇ ಯಜಮಾನ ಅಂದ ಹಾಗೆ.”

ಆ ಮಾತು ಕೇಳಿದ ಮೇಲೆ ಏಳನೇ ಕಾಲಮ್ಮನ್ನು ನಾನು ಬೇರೆ ರೀತಿ ನೋಡತೊಡಗಿದೆ. ಸೇರಿದ ದಿನ ಎಂಬ ಆರನೇ ಕಾಲಂ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಯಾರು ಯಾವ ಲಿಸ್ಟಿಗೆ ಸೇರುತ್ತಾರೆ ಎಂದು ಹೇಳುವುದು ಏಳನೆಯದು, ಅದನ್ನು ತುಂಬಲು ಟ್ರೇಡ್ ಟೆಸ್ಟ್ ಬೇಕು, ಟೆಸ್ಟಿಗೆ ಕರೆಯುವುದು ಸಾಹೇಬರು. ಇಡೀ ಕಾರ್ಖಾನೆಗೆ ಒಂದೇ ಲಿಸ್ಟ್ ಆಗಲಿ ಎಂದು ಹೆಲ್ಪರ್‌ಗಳು ಯೂನಿಯನ್ ಸಭೆಯಲ್ಲಿ ಕೇಳಿದ್ದುಂಟು. ಟ್ರೇಡಿನವರು ಒಪ್ಪಲಿಲ್ಲ. ಹದಿನೈದು ವರ್ಷ ಟ್ರಾಲಿ ತಳ್ಳಿದವನು ನಾಳೆ ನನ್ನ ಲೇಥಿಗೆ ಬಂದು ನನ್ನನ್ನು ಹೊರಗೆ ಹಾಕುವುದೇ? ಅವರ ಮಾತಿನಲ್ಲೂ ಅರ್ಥವಿತ್ತು. ಸೆಕ್ರೆಟರಿ ಟ್ರೇಡಿನವರ ಪರ ನಿಂತ, ಅವನೂ ಫಿಟ್ಟರನೇ ಅಲ್ಲವೇ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆರ್ಡರ್ ಬಿದ್ದುಹೋದವು. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಮೂರನೇ ಪಾಳಿ. ಮತ್ತೆ ಛಾಟಣಿಯ ಸುದ್ದಿ. ನೂರು ಅಥವಾ ಹೆಚ್ಚು ಕೆಲಸಗಾರರಿದ್ದರೆ ಸರಕಾರದ ಅನುಮತಿ ಬೇಕು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1984ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ಆ ಗೆರೆ ಮುನ್ನೂರಕ್ಕಿತ್ತು, ನಾವು ಮುನ್ನೂರರ ಒಳಗಿದ್ದೆವು. (ಹೊಸ ಸಂಹಿತೆ ಅದನ್ನು ತಿರುಗಿ ಮುನ್ನೂರಕ್ಕೆ ಒಯ್ದಿದೆ.) ಹಾಗಾಗಿ ಅನುಮತಿ ಬೇಕಿರಲಿಲ್ಲ, ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಪಗಾರ, ಅಷ್ಟು ಕೊಟ್ಟರೆ ಸಾಕು. ಮತ್ತು ಒಂದು ನಿಯಮ: ಯಾವ ವರ್ಗದಲ್ಲಿ ಛಾಟಣಿ ಆಗಲಿದೆಯೋ ಆ ವರ್ಗದ ಸೀನಿಯಾರಿಟಿ ಲಿಸ್ಟನ್ನು ಕನಿಷ್ಠ ಏಳು ದಿನ ಮೊದಲು ನೋಟಿಸ್ ಬೋರ್ಡಿಗೆ ಹಚ್ಚಬೇಕು.

ಟರ್ನರ್‌ಗಳಲ್ಲಿ ನಾಲ್ವರು ಹೋಗಬೇಕಿತ್ತು. ಕೆಳಗಿನಿಂದ ಎಣಿಸಿದರೆ ಮೂವರು ಸರಿ. ನಾಲ್ಕನೆಯ ಜಾಗಕ್ಕೆ ಇಬ್ಬರು, ಒಂದೇ ದಿನ ಸೇರಿದವರು. ಅಣ್ಣ, ಮತ್ತು ಪ್ರೊಡಕ್ಷನ್ ಶಾಪಿನ ಇನ್ನೊಬ್ಬ. ಇನ್ನೊಬ್ಬನದು ಮುನಸಿಪಾಲಿಟಿಯ ಜನನ ದಾಖಲೆ, ಪಕ್ಕಾ ತಾರೀಖು. ಅಣ್ಣನದು ಜೂನ್ 1, ನಿಜದ ವಯಸ್ಸಿಗಿಂತ ಎರಡು ವರ್ಷ ಎಳೆಯದು. ಮೀಸೆಯಲ್ಲಿ ಬಿಳಿಕೂದಲು ಬಂದಿದ್ದ ಮನುಷ್ಯ ಕಾಗದದ ಮೇಲೆ ಏಳು ತಿಂಗಳು ಚಿಕ್ಕವನಾಗಿ ಕೆಳಗೆ ಬಂದ.

ವರ್ಕ್ಸ್ ಮ್ಯಾನೇಜರ್ ಯೂನಿಯನ್ನಿನವರನ್ನು ಕರೆಸಿದರು. ಕಾಯ್ದೆಯಲ್ಲಿ ದಾರಿ ಇದೆ, ‘ಸಾಮಾನ್ಯವಾಗಿ’ ಕೊನೆಯವನು ಎಂದಿದೆ, ಕಾರಣ ದಾಖಲಿಸಿ ಬೇರೆಯವನನ್ನು ತೆಗೆಯಬಹುದು, ಟೂಲ್ ರೂಮಿಗೆ ಈ ಮನುಷ್ಯ ಬೇಕೇ ಬೇಕು, ನೀವು ತಕರಾರು ಮಾಡದಿದ್ದರೆ ಉಳಿಸಿಕೊಳ್ಳುತ್ತೇನೆ ಅಂದರು. ಯಾರು ಒಳ್ಳೆಯ ಕೆಲಸಗಾರ ಅಂತ ನನಗೆ ಗೊತ್ತಿದೆ, ಅದಕ್ಕೆ ಲಿಸ್ಟ್ ಯಾಕೆ ಬೇಕು ಅಂತಲೂ ಅಂದರು. ನಾನು ಮೂಲೆಯಲ್ಲಿ ಕೂತು ಮಿನಿಟ್ಸ್ ಬರೆದುಕೊಳ್ಳುತ್ತಿದ್ದೆ. ಸೆಕ್ರೆಟರಿ ಬಹಳ ಹೊತ್ತು ಮಾತಾಡಲಿಲ್ಲ. ಅಣ್ಣ ಯೂನಿಯನ್ನಿನ ಚಂದಾ ತಪ್ಪದ ಸದಸ್ಯ, ಸೆಕ್ರೆಟರಿಯ ಮಗನ ಮುಂಜಿಗೆ ಹೋಗಿ ಬಂದವನು. ಕೊನೆಗೆ ಹೇಳಿದ, ಈ ಸಲ ಒಳ್ಳೆಯ ಟರ್ನರನಿಗಾಗಿ ಲಿಸ್ಟ್ ಮುರಿಯೋಣ, ಸರಿ. ಮುಂದಿನ ಸಲ ನೀವು ನಿಮ್ಮ ಸೋದರಳಿಯನಿಗಾಗಿ ಮುರಿಯುತ್ತೀರಿ, ಅದರ ಮುಂದಿನ ಸಲ ಒಳ್ಳೆಯ ಕೆಲಸಗಾರ ಅಲ್ಲ ಅಂತ ನನ್ನನ್ನೇ ತೆಗೆಯುತ್ತೀರಿ. ಆಮೇಲೆ ಮರಾಠಿಯಲ್ಲಿ ಒಂದೇ ಮಾತು: “ಲಿಸ್ಟ್ ಲಾವಾ, ಸಾಹೇಬ್.” ಹಚ್ಚಿ.

ಹಚ್ಚಿದೆವು. ಏಳು ದಿನ ಅದು ಬೋರ್ಡಿನ ಮೇಲಿತ್ತು. ನಾಲ್ವರೂ ದಿನಾಲು ಪಾಳಿಗೆ ಬಂದರು, ಅದರ ಮುಂದೆಯೇ ಕಾರ್ಡ್ ಪಂಚ್ ಮಾಡಿದರು. ಅಣ್ಣ ಕೊನೆಯ ವಾರದಲ್ಲೂ ಒಂದು ಜಿಗ್ಗಿನ ಕೆಲಸ ಮುಗಿಸಿ ಕೊಟ್ಟ. ನನ್ನ ಮೇಜಿನ ಹತ್ತಿರ ಬಂದು, “ತಮ್ಮಾ, ನಮ್ಮ ಮಾಸ್ತರ ಇನ್ನೂ ಜೀವಂತ ಅದಾರ ನೋಡು. ಊರಿಗೆ ಹೋದ ಮ್ಯಾಲೆ ಅವರನ್ನ ಭೇಟಿಯಾಗಿ ನಮಸ್ಕಾರ ಮಾಡಿ ಬರ್ತೀನಿ” ಅಂದ. ಅದರಲ್ಲಿ ಎಷ್ಟು ತಮಾಷೆ, ಎಷ್ಟು ಸಿಟ್ಟು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಅವನು ಹೋದ ಮರುವಾರ ಅವನ ಲೇಥಿನ ಮೇಲೆ ನಿಂತವನು ಆ ಹೆಲ್ಪರ್. ಹೆಲ್ಪರ್‌ಗಳ ಲಿಸ್ಟಿನಲ್ಲಿ ಅವನ ಕೆಳಗೆ ಬಹಳ ಜನರಿದ್ದರು, ಛಾಟಣಿ ಅವನವರೆಗೆ ಮುಟ್ಟಲಿಲ್ಲ. ಕಂಪನಿಗೆ ಅಗ್ಗವಾಯಿತು: ಟರ್ನರ್ ಕೆಲಸ, ಹೆಲ್ಪರ್ ಪಗಾರ. ಆಗ ಸೆಕ್ರೆಟರಿ ಕೆರಳಿದ. ಟ್ರೇಡಿನವರ ಪರವಾಗಿ ಅಷ್ಟು ವರ್ಷ ಯಾವ ಗೋಡೆಯನ್ನು ಕಾದಿದ್ದನೋ ಅದರಿಂದಲೇ ಈ ಸಂದು ಹುಟ್ಟಿತ್ತು, ಅದು ಅವನಿಗೆ ತಿಳಿಯಿತೆಂದೇ ನನ್ನ ನಂಬಿಕೆ. ಮುಂದಿನ ಸೆಟ್ಲ್‌ಮೆಂಟಿನಲ್ಲಿ ಹೆಲ್ಪರ್‌ಗಳಿಗೆ ಟ್ರೇಡ್ ಟೆಸ್ಟ್ ಬರೆಯುವ ಹಕ್ಕು ಬಂತು. ಇಂದೋರಾದವನು ಪಾಸಾದ. ಆದರೆ ಅವನು ಕೂರಬೇಕಾದ ಖಾಲಿ ಜಾಗ ತೆಗೆದುಹಾಕಿದ ಟರ್ನರನದು. 25-ಎಚ್ ಪ್ರಕಾರ ಅದನ್ನು ಮೊದಲು ಹಳಬನಿಗೆ ಕೊಡಬೇಕು. ಹೀಗೆ ನಾನು ಗದಗಿನ ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಕಳಿಸಿದೆ.

ಉತ್ತರ ಬಂದದ್ದು ಬೆಳಗಾವಿಯ ಉದ್ಯಮಬಾಗದಿಂದ, ಒಂದು ಇನ್‌ಲ್ಯಾಂಡ್ ಪತ್ರ. ಒಂದೇ ಪ್ರಶ್ನೆ ಇತ್ತು: ತಿರುಗಿ ಬಂದರೆ ಲಿಸ್ಟಿನಲ್ಲಿ ನನ್ನ ನಂಬರು ಎಷ್ಟು? ಕಾಯ್ದೆ ಕರೆಯುವ ಹಕ್ಕನ್ನಷ್ಟೇ ಕೊಡುತ್ತದೆ, ಹಿಂದಿನ ವರ್ಷಗಳನ್ನು ಕೊಡುವುದಿಲ್ಲ. ಅದಕ್ಕೆ ತಕ್ಕ ಪರಿಹಾರವನ್ನು ಅವನು ಆಗಲೇ ತೆಗೆದುಕೊಂಡಾಗಿತ್ತು. ಕೊನೆಯ ನಂಬರು ಅಂತ ಬರೆದೆ. ಅವನು ಬರಲಿಲ್ಲ. ಹೆಲ್ಪರ್ ಟರ್ನರ್ ಆದ, ಲಿಸ್ಟಿನ ತುದಿಯಲ್ಲಿ, ಅಷ್ಟು ವರ್ಷದ ಹೆಲ್ಪರಿಕೆ ಲೆಕ್ಕಕ್ಕಿಲ್ಲದೆ. ಮುಂದೆ ಗ್ರೇಡು ಏರಿ ನಿವೃತ್ತನಾದ.

ಎಂಪ್ರೆಸ್ ಮಿಲ್ 2002ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಮಾಲ್ ಇದೆ. ನಮ್ಮ ಕಾರ್ಖಾನೆ ಅಷ್ಟು ಹೆಸರಿನದಲ್ಲ, ಯಾವಾಗ ಬಾಗಿಲು ಹಾಕಿತೆಂದು ಯಾರೂ ಬರೆದಿಟ್ಟಿಲ್ಲ. ಸೆಕ್ರೆಟರಿ ಅಂದು ನಿಯಮ ಬಿಡದೆ ನಿಂತದ್ದು ಸರಿ ಎಂದು ನನಗೆ ಈಗ ಅನ್ನಿಸುತ್ತದೆ, ಆಗ ಕಟುಕ ಅನ್ನಿಸಿದ್ದ. ಅವನು ಎಡವಿದ್ದು ಏಳನೇ ಕಾಲಮ್ಮಿನಲ್ಲಿ, ಅದೂ ಅವನೊಬ್ಬನೇ ಅಲ್ಲ, ಇಡೀ ಸಂಘಟಿತ ಕೆಲಸಗಾರ ಲೋಕವೇ ಅಲ್ಲಿ ಎಡವಿತು. ಒಳಗಿದ್ದವರು ತಮ್ಮೊಳಗೆ ಹಿರಿಯರು ಯಾರು ಎಂದು ನ್ಯಾಯವಾಗಿಯೇ ಹಂಚಿಕೊಂಡರು, ಹೊರಗಿನವರು ಹೆಲ್ಪರ್, ಬದಲಿ, ಕಾಂಟ್ರ್ಯಾಕ್ಟ್, ಈಗ ನಿಗದಿತ ಅವಧಿ ಎಂದು ಬೇರೆ ಬೇರೆ ಹೆಸರಿನಲ್ಲಿ ಬೆಳೆಯುತ್ತ ಹೋದರು. ಒಳಗೆ ಎಣಿಸಲು ಮಂದಿ ಉಳಿಯಲಿಲ್ಲ.

ಮೊಮ್ಮಗನ ಪಿಡಿಎಫ್ ಓದಿದ ಮೇಲೆ ಬೆಳಗಾವಿಗೆ ಒಂದು ಮದುವೆಗೆ ಹೋಗುವುದಿತ್ತು, ಉದ್ಯಮಬಾಗಕ್ಕೂ ಹೋಗಿ ಬಂದೆ. ಅಣ್ಣ ಈಗ ಎಂಬತ್ತು ದಾಟಿದ್ದಾನೆ, ಅಲ್ಲಿ ಅವನು ಹಾಕಿದ ಶೆಡ್ಡನ್ನು ಮಗ ನಡೆಸುತ್ತಾನೆ, ಆದರೂ ದಿನಾ ಬಂದು ಖುರ್ಚಿ ಹಾಕಿಕೊಂಡು ಕೂರುತ್ತಾನೆ. ಎರಡು ಸಿಎನ್‌ಸಿ, ಮೂರು ಹಳೆಯ ಲೇಥ್, ಎಂಟು ಹುಡುಗರು. ಹೋದ ವರ್ಷ ಕೆಲಸ ಕಡಿಮೆಯಾಗಿ ಇಬ್ಬರನ್ನು ಬಿಡಿಸಬೇಕಾಯಿತಂತೆ.

“ಯಾರನ್ನ ಬಿಡಿಸಿದ್ರಿ? ಕೊನೀಗೆ ಬಂದವರನ್ನ?” ಅಂತ ಕೇಳಿದೆ.

“ಇಲ್ಲೋ ತಮ್ಮಾ. ಕೊನೀಗೆ ಬಂದಾಂವ ಭಾಳ ಛಲೋ ಹುಡುಗ, ಅಂವನ್ನ ಹ್ಯಾಂಗ ಬಿಡ್ಲಿ? ಹಳೇ ಮಂದಿಯೊಳಗ ಇಬ್ಬರನ್ನ ಕಳಿಸಿದೆ. ಯಾರು ಕೆಲಸದಾಂವ ಅಂತ ನನಗ ಗೊತ್ತದ, ಅದಕ್ಕ ಲಿಸ್ಟ್ ಯಾಕ?”

ಈ ಮಾತನ್ನು ಒಮ್ಮೆ ಮಿನಿಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ, ನಿನ್ನನ್ನು ಉಳಿಸಿಕೊಳ್ಳಲು ನಮ್ಮ ವರ್ಕ್ಸ್ ಮ್ಯಾನೇಜರ್ ಇದನ್ನೇ ಹೇಳಿದ್ದರು ಅಂದೆ. ಅವನಿಗೆ ಅದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ನಾನೂ ಹೇಳಿರಲಿಲ್ಲ, ಮಿನಿಟ್ಸ್ ಗುಪ್ತ ಕಾಗದ. ಸ್ವಲ್ಪ ಹೊತ್ತು ಲೆಕ್ಕ ಹಾಕಿದಂತೆ ಕೂತ. ಆಮೇಲೆ ಕೇಳಿದ: “ಹಂಗಾದ್ರ ಯೂನಿಯನ್‌ನವರು ಬ್ಯಾಡ ಅಂದ್ರೇನು?”

ಹೌದು ಅಂದೆ. ಯಾಕೆ ಅಂದರೆಂದೂ ಹೇಳಿದೆ, ಸೋದರಳಿಯನ ಮಾತು ಸಮೇತ. ಪಕ್ಕದ ಲೇಥಿನ ಹುಡುಗ ಮಷಿನ್ ನಿಲ್ಲಿಸಿ ನಮ್ಮ ಮಾತು ಕೇಳುತ್ತಿದ್ದ. ಅಣ್ಣ ಅವನ ಕಡೆ ತಿರುಗಿ ಚಹಾ ತರಲು ಕಳಿಸಿದ. ಅವನು ಹೊರಗೆ ಹೋದ ಮೇಲೆ, “ಇಂವಾ ನನ್ನ ಸೊಸಿ ತಮ್ಮ” ಅಂದ.